ಕೊನೆಯ ದಿನ ಕಿಟಕಿ ಬಿಡಬೇಡಿ

ಪ್ರಶ್ನೆ: ಕೆನಡಾದ ರಾಕಿ ಮೌಂಟೇನಿಯರ್ ರೈಲಿನಲ್ಲಿ ವ್ಯಾಂಕೂವರ್‌ನಿಂದ ಬ್ಯಾನ್ಫ್‌ಗೆ ಹೊರಟಿದ್ದೇವೆ. ಎರಡು ದಿನದ ಪ್ರಯಾಣ. ಎರಡನೇ ದಿನದ ಹೊತ್ತಿಗೆ ಬೆಟ್ಟ ನೋಡಿ ನೋಡಿ ಸಾಕಾಗುತ್ತದೆ ಅಂತಾರೆ. ಆ ಮಧ್ಯಾಹ್ನ ಊಟ ಮಾಡಿ ಸುಮ್ನೆ ನಿದ್ದೆ ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಈ ರೈಲು ಓಡುವುದೇ ಹಗಲಲ್ಲಿ. ರಾತ್ರಿ ಕ್ಯಾಮ್‌ಲೂಪ್ಸ್‌ನ ಹೋಟೆಲಿನಲ್ಲಿ ತಂಗುತ್ತೀರಿ, ನಿದ್ದೆ ಅಲ್ಲೇ ಮುಗಿಸಿಕೊಳ್ಳಿ. ರಾಕಿ ಪರ್ವತಗಳು ಎದುರಾಗುವುದೇ ಎರಡನೇ ದಿನ ಮಧ್ಯಾಹ್ನದ ಮೇಲೆ, ಅದಕ್ಕೇ ಅಲ್ವಾ ನೀವು ಅಷ್ಟು ದುಡ್ಡು ಕೊಟ್ಟಿದ್ದು? ಅದಕ್ಕೂ ಮೊದಲು ಕ್ರೇಗೆಲಾಕಿ ಸಿಗುತ್ತದೆ, 1885ರ ನವೆಂಬರ್ 7ರಂದು ಪೂರ್ವ ಕೆನಡಾವನ್ನು ಪಶ್ಚಿಮಕ್ಕೆ ಜೋಡಿಸಿದ ಕೆನಡಿಯನ್ ಪೆಸಿಫಿಕ್ ರೈಲು ಹಳಿಯ ಕೊನೆಯ ಮೊಳೆ ಹೊಡೆದ ಜಾಗ. ಕಲ್ಲಿನ ಸ್ಮಾರಕ ಇದೆ, ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುತ್ತದೆ.

ಆದರೆ ನನಗೆ ಜಾಸ್ತಿ ಇಷ್ಟ ಫೀಲ್ಡ್ ಊರು ದಾಟಿದ ಮೇಲಿನ ಸ್ಪೈರಲ್ ಸುರಂಗಗಳು. ಮೊದಲು ಇಲ್ಲಿ ಹಳಿ 100 ಅಡಿಗೆ ನಾಲ್ಕೂವರೆ ಅಡಿ ಇಳಿಜಾರಿತ್ತು, ಇಳಿಯುವ ರೈಲುಗಳು ಹಿಡಿತ ತಪ್ಪಿ ಜಾರುತ್ತಿದ್ದವು, ಹಾಗಾಗಿ 1909ರಲ್ಲಿ ಬೆಟ್ಟದ ಹೊಟ್ಟೆಯೊಳಗೇ ಹಳಿಯನ್ನು ಎರಡು ಕಡೆ ಬಳಸಿ ತಿರುಗಿಸಿ ಏರನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಒಳಗೆ ಪೂರ್ತಿ ಕತ್ತಲು. ಹೊರಗೆ ಬಂದಾಗ ಮಡಿಲ ಮೇಲೆ ಬಿಸಿಲು ಬೀಳುವ ದಿಕ್ಕೇ ಬೇರೆ! ಅದೊಂದಕ್ಕೆ ಎಚ್ಚರವಾಗಿರಿ.

ಅಂದ ಹಾಗೆ, ದಾರಿಯಲ್ಲಿ ಕಾಲವಲಯ ಬದಲಾಗಿ ಗಡಿಯಾರ 1 ಗಂಟೆ ಮುಂದಕ್ಕೆ ಹೋಗುತ್ತದೆ. ತಲುಪುವಾಗ ಸಂಜೆಯಾಗಿರುತ್ತದೆ, ಅವತ್ತು ಬ್ಯಾನ್ಫ್‌ನಲ್ಲಿ ಬೇರೇನೂ ಬುಕ್ ಮಾಡಬೇಡಿ.