ಗರ್ಭಕೋಶ ಉಳಿಸಿಕೊಳ್ಳೋಕೆ ದಾರಿ ಇದೆಯಾ ಡಾಕ್ಟ್ರೇ?

ಪ್ರಶ್ನೆ: ನನಗೆ 34 ವರ್ಷ. ಮದುವೆಯಾಗಿ ಆರು ವರ್ಷವಾಯಿತು, ಮಕ್ಕಳಿಲ್ಲ. ಮುಟ್ಟಾದರೆ ಎಂಟು ದಿನ ಗಟ್ಟಿಗಟ್ಟಿಯಾಗಿ ರಕ್ತ ಹೋಗುತ್ತದೆ, ವಿಪರೀತ ನೋವು. ಹಿಮೋಗ್ಲೋಬಿನ್ 7.8. ಸ್ಕ್ಯಾನಿಂಗ್‌ನಲ್ಲಿ ಅಡೆನೋಮಯೋಸಿಸ್ ಎಂದು ಬಂದಿದೆ. ಮಾತ್ರೆಯಿಂದ ಪ್ರಯೋಜನವಾಗಲಿಲ್ಲ. ಗರ್ಭಕೋಶ ತೆಗೆಸಿಬಿಡು ಅಂತಾರೆ ಎಲ್ಲರೂ. ಬೇರೆ ದಾರಿ ಇಲ್ವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಇದೆಯಮ್ಮ. ಆದರೆ ಸುಲಭದ್ದಲ್ಲ.

ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಸ್ನಾಯುವಿನೊಳಗೆ ಬೆಳೆಯೋದೇ ಈ ಕಾಯಿಲೆ. ಫೈಬ್ರಾಯ್ಡ್ ಗಡ್ಡೆಗೆ ಅಂಚು ಇರುತ್ತದೆ, ಬಿಡಿಸಿ ತೆಗೆಯಬಹುದು. ಇದು ಹಿಟ್ಟಿನಲ್ಲಿ ಕಲಸಿಹೋದ ಎಳ್ಳಿನ ಹಾಗೆ. ಅದಕ್ಕೇ ಸರ್ಜನ್‌ಗಳು ಹಿಂಜರಿಯುತ್ತಾರೆ.

ಜಪಾನಿನ ಡಾ. ಹಿಸಾವೊ ಒಸಾಡಾ ಇದಕ್ಕೊಂದು ಉಪಾಯ ಮಾಡಿದರು. ಹೊಟ್ಟೆ ತೆರೆದು, ಗರ್ಭಕೋಶವನ್ನು ನಡುವೆ ಸೀಳಿ, ಒಳಗೆ ಬೆರಳಿಟ್ಟು ಅಂದಾಜು ಮಾಡುತ್ತಾ ಕೆಟ್ಟ ಭಾಗ ಕತ್ತರಿಸುತ್ತಾರೆ. ಒಳಪದರದ ಕಡೆಗೂ ಹೊರಮೈ ಕಡೆಗೂ ಸುಮಾರು ಒಂದೊಂದು ಸೆಂಟಿಮೀಟರ್ ದಪ್ಪದ ಸ್ನಾಯು ಉಳಿಸುತ್ತಾರೆ. ಆಮೇಲೆ ಉಳಿದ ಪದರಗಳನ್ನು ಒಂದರ ಮೇಲೊಂದು ಹೊದಿಸಿ ಹೊಲಿಗೆ ಹಾಕುತ್ತಾರೆ. ಒಂದು ಹೊಲಿಗೆಯ ಮೇಲೆ ಇನ್ನೊಂದು ಬೀಳಬಾರದು, ಗಟ್ಟಿತನವೆಲ್ಲ ಅದರಲ್ಲೇ ಇದೆ. 2011ರಲ್ಲಿ ಅವರು 104 ಹೆಂಗಸರ ವಿವರ ಪ್ರಕಟಿಸಿದರು. ಮಗು ಬೇಕೆಂದಿದ್ದ 26 ಮಂದಿಯಲ್ಲಿ 16 ಮಂದಿಗೆ ಗರ್ಭ ನಿಂತಿತು, 14 ಮಂದಿಗೆ ಆರೋಗ್ಯವಂತ ಮಗುವಾಯಿತು. ಅಲ್ಲಿ ಯಾರ ಗರ್ಭಕೋಶವೂ ಒಡೆಯಲಿಲ್ಲ. ಅದು ತುಂಬಾ ಪಳಗಿದ ಕೈಯ ಫಲಿತಾಂಶ, ಎಲ್ಲ ಕಡೆ ಹಾಗೇ ಆಗುತ್ತೆ ಅಂದುಕೊಳ್ಳಬೇಡಿ. ಬಸುರಿಯಾದಾಗ ಹೊಲಿಗೆ ಬಿಡುವ ಅಪಾಯ ಇದ್ದೇ ಇದೆ. ಆಪರೇಷನ್ ಆದ ಮೇಲೆ ಡಾಕ್ಟರ್ ಹೇಳುವಷ್ಟು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಹೆರಿಗೆ ಸಾಮಾನ್ಯವಾಗಿ ಸಿಸೇರಿಯನ್ನೇ. ಕಾಯಿಲೆ ಮರಳಿ ಬರಲೂಬಹುದು.

ಮೊದಲು ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳಿ. 7.8ಕ್ಕೆ ಬರೀ ಬೀಟ್‌ರೂಟ್ ಜ್ಯೂಸ್ ಸಾಲದು, ಕಬ್ಬಿಣಾಂಶದ ಇಂಜೆಕ್ಷನ್ ಬೇಕಾಗಬಹುದು, ಕೇಳಿ. ಎಂಆರ್‌ಐ ಮಾಡಿಸಿ. ‘ಬಲ್ಕಿ ಯುಟರಸ್’ (ಗರ್ಭಕೋಶ ದಪ್ಪಗಾಗಿದೆ) ಅಂತ ಒಂದು ಸಾಲು ಬರೆದ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಇಷ್ಟು ದೊಡ್ಡ ತೀರ್ಮಾನ ಮಾಡಬಾರದು. ಸರ್ಜನ್ ಹತ್ತಿರ, ಗಡ್ಡೆಯದ್ದಲ್ಲ, ಈ ಕಾಯಿಲೆಯದ್ದೇ ಎಷ್ಟು ಆಪರೇಷನ್ ಮಾಡಿದ್ದೀರಿ ಅಂತ ನೇರವಾಗಿ ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಇನ್ನೊಂದು ಮಾತು. ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗಿದೆಯಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ನಿಮ್ಮ ಹೊಟ್ಟೆಗೆ ಕತ್ತರಿ ಹಾಕುವ ಮುಂಚೆ ಅದು ಆಗಲಿ.