ಶುಗರ್ ಇರುವವರ ತೊಡೆಗೆ ಅಲ್ಟ್ರಾಸೌಂಡ್ ಯಾಕೆ ಮಾಡುತ್ತಾರೆ?

ತೊಡೆಯ ಸ್ನಾಯು ಎಷ್ಟು ದಪ್ಪ ಉಳಿದಿದೆ, ಅದರೊಳಗೆ ಕೊಬ್ಬು ಸೇರಿಕೊಂಡಿದೆಯಾ ಎಂದು ನೋಡಲು. ಬಾಗಲಕೋಟೆಯಲ್ಲಿ ಸ್ಕ್ಯಾನಿಂಗ್ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. "ಶುಗರ್ ಇರೋದು ರಕ್ತದಾಗ, ತೊಡಿಗ್ಯಾಕ್ರೀ ಸ್ಕ್ಯಾನಿಂಗ್?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳೇ. ಅವು ಸೊರಗಿದರೆ ಆ ಸಕ್ಕರೆಗೆ ಹೋಗಲು ಜಾಗ ಕಡಿಮೆ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಸ್ನಾಯು ಕರಗಿ ಕೊಬ್ಬು ಬೆಳೆದರೆ ತೂಕ ಮೊದಲಿನಷ್ಟೇ ಇರಬಹುದು, ಅಲ್ವಾ?

ಪರದೆಯ ಮೇಲೆ ವ್ಯತ್ಯಾಸ ಕಾಣುತ್ತದೆ. ಒಳ್ಳೆಯ ಸ್ನಾಯು ಕಪ್ಪಗಿರುತ್ತದೆ, ನಡುವೆ ತೆಳ್ಳನೆಯ ಬಿಳಿ ಗೆರೆಗಳು. ಕೊಬ್ಬು, ನಾರು ಸೇರಿದ ಸ್ನಾಯು ಯಂತ್ರ ಬಿಡುವ ಶಬ್ದದ ಅಲೆಗಳನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ಹಾಗಾಗಿ ಮಸುಕು ಬಿಳುಪಾಗಿ ಕಾಣುತ್ತದೆ. ಜೆಲ್ ಹಚ್ಚಿ ಪ್ರೋಬನ್ನು, ಅಂದರೆ ಕೈಯಲ್ಲಿ ಹಿಡಿದು ಚರ್ಮದ ಮೇಲಿಡುವ ಸಾಧನವನ್ನು, ಹಗುರವಾಗಿ ಇಡಬೇಕು. ಸ್ವಲ್ಪ ಒತ್ತಿದರೂ ಸ್ನಾಯು ಚಪ್ಪಟೆಯಾಗಿ ಅಳತೆ ತಪ್ಪುತ್ತದೆ. ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ.

ಆದರೆ ಇದು ಶುಗರ್ ಇದ್ದವರಿಗೆಲ್ಲ ಮಾಡುವ ಪರೀಕ್ಷೆ ಅಲ್ಲ. ಸ್ನಾಯುವಿಗೆ ಎಷ್ಟು ಶಕ್ತಿ ಇದೆ ಅಂತಲೂ ಚಿತ್ರ ಹೇಳುವುದಿಲ್ಲ. ಅದಕ್ಕೆ ಕೈ ಹಿಡಿತದ ಬಲ ನೋಡುತ್ತಾರೆ, ಕೈ ಊರದೆ ಕುರ್ಚಿಯಿಂದ 5 ಸಲ ಎದ್ದು ಕೂರಲು ಹೇಳುತ್ತಾರೆ.