ಹೋಟೆಲಿನ ಅತಿಥಿಗಳ ಕಾದಂಬರಿ ‘ಎ ವೀಕ್ ಇನ್ ವಿಂಟರ್’ ಓದಬಹುದೇ, ಅಥವಾ ಏನೂ ನಡೆಯದ ಪುಸ್ತಕವೇ?

ಐರಿಷ್ ಲೇಖಕಿ ಮೇವ್ ಬಿಂಚಿಯವರ ಈ ಕಾದಂಬರಿ ಕೆಲವರಿಗೆ ಕಂಬಳಿ ಹೊದ್ದಷ್ಟು ಹಿತ, ಕೆಲವರಿಗೆ ಬರೀ ಆಕಳಿಕೆ, ಯಾರ ಮಾತು ನಂಬುವುದು ಅಂತ ಕೇಳಿದ್ದೀರಿ. ಇಬ್ಬರದ್ದೂ ನಂಬಿ. ನಮ್ಮಲ್ಲಿ ಒಂದೇ ಪ್ರತಿಯನ್ನು ಮೂವರು ಓದಿ ಮೂರು ದಿಕ್ಕಿಗೆ ಮುಖ ಮಾಡಿ ಕೂತಿದ್ದೇವೆ.

ನಾನು ಕಾಸರಗೋಡಿನ ಕುಂಬಳೆ ಕಡೆಯವಳು. ಅಣ್ಣ, ಅತ್ತಿಗೆ ಹಳೆಯ ಮನೆಯ ಮೂರು ಕೋಣೆ ರಿಪೇರಿ ಮಾಡಿಸಿ ಹೋಂಸ್ಟೇ ನಡೆಸುತ್ತಾರೆ. ಬೇಕಲ ಕೋಟೆ ನೋಡುವವರು, ಮಧೂರು, ಅನಂತಪುರ ದೇವಸ್ಥಾನಗಳಿಗೆ ಹೋಗುವವರು ಬಂದು ಉಳಿಯುತ್ತಾರೆ. ಜಡಿಮಳೆಯ ಆಟಿ ತಿಂಗಳು ಬಂತೆಂದರೆ ನೊಣ ಹೊಡೆಯುವುದೇ ಕೆಲಸ. ಹಾಗೆ ಒಂದು ಆಟಿಯಲ್ಲಿ, ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ ಓದಿದ್ದು ಇದು. ಹೋಟೆಲಿನಲ್ಲಿ ಒಂದು ವಾರ ಇರುವವರ ಕಥೆ ಅಂದಾಗ ಅಮ್ಮ ಕೇಳಿದ್ದು, “ಒಂದು ವಾರ ಕೂತು ಎಂತ ತಿನ್ನುತ್ತಾರೆ?” ನಮಗೆ ಹೋಟೆಲೆಂದರೆ ಇಡ್ಲಿ, ಬನ್ಸು. ಮಲಗುವ ಜಾಗಕ್ಕೆ ಲಾಡ್ಜು ಅಂತಲೇ ಹೆಸರು.

ಕಥೆ ನಡೆಯುವುದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಸ್ಟೋನಿಬ್ರಿಜ್ ಎಂಬ ಊರಿನಲ್ಲಿ. ಚಿಕಿ ಎಂಬವಳು ಬಂಡೆಯ ಮೇಲಿನ ಹಳೆಯ ಮನೆಯೊಂದನ್ನು ಕೊಂಡು, ಹೋಟೆಲು ಮಾಡಿ, ಚಳಿಗಾಲದಲ್ಲಿ ಬಾಗಿಲು ತೆರೆಯುತ್ತಾಳೆ. ಮೊದಲ ವಾರದ ಅತಿಥಿಗಳು ಬರುತ್ತಾರೆ. ಅಧ್ಯಾಯಕ್ಕೊಬ್ಬರು, ಕೆಲವು ಕಡೆ ಇಬ್ಬರು. ಅದೇ ವಾರ, ಅದೇ ಊಟದ ಮೇಜು ಬೇರೆ ಬೇರೆಯವರ ಕಣ್ಣಿನಿಂದ ಮತ್ತೆ ಮತ್ತೆ ಬರುತ್ತದೆ. ಅಷ್ಟೇ. ಕೊಲೆ ಇಲ್ಲ, ಪತ್ತೇದಾರಿ ಇಲ್ಲ.

ಹೆಚ್ಚಿನವರ ದೂರು ಎಂತದೆಂದರೆ, ಅತಿಥಿಗಳು ಬರುವಾಗಲೇ ತಡವಾಗುತ್ತದೆ. ನಿಜ. ಮೊದಲ ಮೂರು ಅಧ್ಯಾಯ ಚಿಕಿಗೆ, ಅಲ್ಲಿ ಕೆಲಸಕ್ಕೆ ಬರುವ ರಿಗರ್ ಎಂಬ ತಂಟೆಯ ಹುಡುಗನಿಗೆ, ಚಿಕಿಯ ಸಹೋದರಿಯ ಮಗಳು ಓರ್ಲಾಳಿಗೆ ಹೋಗಿಬಿಡುತ್ತದೆ. ನನಗೆ ಹಿಡಿಸಿದ್ದು ಮಾತ್ರ ಆ ಮೂರೇ. ಚಿಕಿ ಹುಡುಗಿಯಾಗಿದ್ದಾಗ ಒಬ್ಬ ಅಮೆರಿಕನ್ನನ ಹಿಂದೆ ನ್ಯೂಯಾರ್ಕಿಗೆ ಹೋದವಳು. ಅವನು ಕೈಬಿಟ್ಟ. ಮನೆಗೆ ಅದನ್ನು ಹೇಳಲಾಗದೆ ಮದುವೆಯಾಗಿದೆ, ಸುಖವಾಗಿದ್ದೇನೆ ಅಂತ ಬರೆಯುತ್ತಾಳೆ. ಅವಳಿರುವುದು ಒಂದು ಬೋರ್ಡಿಂಗ್ ಮನೆಯಲ್ಲಿ, ದುಡಿದುಕೊಂಡು. ಕೊನೆಗೆ ಆ ಇಲ್ಲದ ಗಂಡನನ್ನು ಕಾರು ಅಪಘಾತದಲ್ಲಿ ಸಾಯಿಸಬೇಕಾಗುತ್ತದೆ, ಕಾಗದದಲ್ಲಿ!

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಗಲ್ಫಿನಿಂದ ಬರುತ್ತಿದ್ದ ಕಾಗದಗಳನ್ನು ನೆನೆಸಿಕೊಳ್ಳಿ. ಅಲ್ಲಿ ಪಾತ್ರೆ ತೊಳೆಯುವವನೂ ಊರಿಗೆ ಬರೆಯುವಾಗ ‘ಕಂಪೆನಿಯಲ್ಲಿದ್ದೇನೆ’. ನಮ್ಮ ಬೀದಿಯಲ್ಲೇ ಒಬ್ಬರು, ಎರಡು ವರ್ಷಕ್ಕೊಮ್ಮೆ ಬರುವಾಗ ಅತ್ತರು, ಟೇಪ್‌ರೆಕಾರ್ಡರು ತರುತ್ತಿದ್ದರು. ಒಮ್ಮೆಲೇ ವಾಪಸಾದ ಮೇಲೆ ಆರು ತಿಂಗಳು ‘ರಜೆಯಲ್ಲಿದ್ದೇನೆ’ ಅಂತಲೇ ಹೇಳಿದರು. ಅವರ ಅಮ್ಮನಿಗೆ ಗೊತ್ತಿತ್ತು, ಪೇಟೆಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ಚಿಕಿಯ ಅಧ್ಯಾಯ ಓದುವಾಗ ನಾನು ಐರ್ಲೆಂಡಿನಲ್ಲಿ ಇರಲೇ ಇಲ್ಲ.

ಪಕ್ಕದ ಮನೆಯ ನಿವೃತ್ತ ಮಾಸ್ಟ್ರ ಆಕ್ಷೇಪ ಬೇರೆಯೇ. ಒಬ್ಬರ ಮೇಲೆ ಮನಸ್ಸು ಕೂರುವಷ್ಟರಲ್ಲಿ ಅವರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸುತ್ತಾರೆ, ಹೋಟೆಲಿನಲ್ಲಿ ಸೀಟಿಗೆ ಕಾಯುವವರ ಹಾಗೆ. ಮತ್ತೆ, ಜೀವಮಾನವಿಡೀ ಬಿಡಿಸಲಾಗದ ಗಂಟು ಏಳು ದಿನ ಕಡಲ ಗಾಳಿ ಕುಡಿದರೆ ಬಿಡುತ್ತದಾ ಅಂತ ಅವರ ಪ್ರಶ್ನೆ. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ವಿಮಾನ ತಪ್ಪಿಸಿಕೊಂಡ ಸಿನಿಮಾ ನಟನ ಕಥೆ ನನಗೂ ತೆಳು ಅನಿಸಿತು. ಮುಂದಾಗುವುದು ಕಾಣುವ ಲೈಬ್ರರಿಯವಳದ್ದು ಈ ಪುಸ್ತಕಕ್ಕೆ ಹೊಂದುವುದಿಲ್ಲ. ಬಿಂಚಿ ತೀರಿಕೊಂಡದ್ದು 2012ರ ಜುಲೈಯಲ್ಲಿ, ಪುಸ್ತಕ ಹೊರಬಂದದ್ದು ಅದೇ ವರ್ಷ, ಅವರು ಹೋದ ಮೇಲೆ. ಇನ್ನೊಮ್ಮೆ ಕೈಯಾಡಿಸಲು ಸಿಕ್ಕಿದ್ದರೆ ಕೊನೆ ಇನ್ನಷ್ಟು ಗಟ್ಟಿಯಾಗುತ್ತಿತ್ತು ಅಂತ ನನ್ನ ಎಣಿಕೆ.

ಆದರೆ ವಿನಿ ಮತ್ತು ಲಿಲಿಯನ್ ಅಧ್ಯಾಯ ಬಿಡಬೇಡಿ. ಪ್ರಿಯಕರನ ಜೊತೆ ರಜೆಗೆ ಬರಬೇಕಾದ ವಿನಿ ಅವನ ತಾಯಿ ಲಿಲಿಯನ್ ಜೊತೆ ಬಂದು ಸಿಕ್ಕಿಬೀಳುತ್ತಾಳೆ. ಇನ್ನೂ ಸೊಸೆಯೇ ಆಗದವಳು, ಅವಳನ್ನು ಒಪ್ಪದ ಅತ್ತೆ, ಇಬ್ಬರೂ ಕಡಲು ಏರುವಾಗ ಗುಹೆಯಲ್ಲಿ. ಅಮ್ಮನಿಗೆ ಬಾಯಲ್ಲಿ ಹೇಳಿದೆ, ಎರಡು ಸಲ ಹೇಳಿಸಿದರು. ವಾಲ್ ದಂಪತಿಗಳದ್ದು ನಗುವಿಗೆ: ಸ್ಪರ್ಧೆಗಳಿಗೆ ಬರೆಯುವುದೇ ಅವರ ಹವ್ಯಾಸ, ಪ್ಯಾರಿಸ್ ಕೈತಪ್ಪಿ ಎರಡನೇ ಬಹುಮಾನವಾಗಿ ಇಲ್ಲಿಗೆ ಬಂದು ಮುಖ ಊದಿಸಿಕೊಂಡವರು.

ಇನ್ನು ನೆಲ್ ಹೋವ್. ನಿವೃತ್ತಳಾದ ಹೆಡ್‌ಮಿಸ್ಟ್ರೆಸ್, ಶಾಲೆಯವರ ಉಡುಗೊರೆಯಾಗಿ ಬಂದವಳು. ಅವಳಿಗೆ ಯಾವುದೂ ಹಿಡಿಸುವುದಿಲ್ಲ. ಎಲ್ಲರೂ ಕರಗಿದರೂ ಅವಳು ಕರಗುವುದಿಲ್ಲ, ಬಂದ ಹಾಗೆಯೇ ಇರುತ್ತಾಳೆ. ಇಷ್ಟು ಸಿಹಿ ಪುಸ್ತಕದಲ್ಲಿ ಇದೊಂದು ಕಹಿ ಯಾಕೆ ಅಂತ ಮಾಸ್ಟ್ರು ಸಿಟ್ಟಾದರು (ಸ್ವಂತ ವೃತ್ತಿಯ ಅಭಿಮಾನವೂ ಇರಬಹುದು). ನನ್ನ ಮಟ್ಟಿಗೆ ಇಡೀ ಪುಸ್ತಕವನ್ನು ನಂಬುವಂತೆ ಮಾಡಿದವಳೇ ಅವಳು.

ಅತ್ತಿಗೆಯ ಹೋಂಸ್ಟೇಯಲ್ಲಿ ಅಂಥವರೊಬ್ಬರು ಮೂರು ದಿನ ಇದ್ದರು. ನೀರುದೋಸೆ ತಣ್ಣಗಾಗಿದೆ, ಕೋಳಿ ಬೇಗ ಕೂಗುತ್ತದೆ, ಮಳೆಯ ಸದ್ದು ಜೋರು. ಮಳೆಗೆ ಅತ್ತಿಗೆ ಎಂತ ಮಾಡುವುದು ಮಾರಾಯ್ರೆ! ಹೋಗುವಾಗ ದುಡ್ಡು ಮೇಜಿನ ಮೇಲಿಟ್ಟು ಒಂದು ಮಾತಾಡದೆ ಹೋದರು. ಅತ್ತಿಗೆಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ನೆಲ್ ಹೋವ್ ಅಧ್ಯಾಯ ಮುಗಿಸಿದವರೇ ಪುಸ್ತಕ ಮಡಚಿ, “ಹಾಗಾದರೆ ನನ್ನ ತಪ್ಪಲ್ಲ” ಅಂದರು. ಮುಂದಿನ ಅಧ್ಯಾಯ ಅವರು ಇವತ್ತಿಗೂ ಓದಲಿಲ್ಲ.

ಇಂಗ್ಲಿಷ್ ಸರಳ ಉಂಟು, ಡಿಕ್ಷನರಿ ಬೇಕಾಗುವುದಿಲ್ಲ. ರಿಗರನ ಅಧ್ಯಾಯದವರೆಗೆ ನೋಡಿ. ಅಲ್ಲಿಗೂ ಮನಸ್ಸು ನಿಲ್ಲದಿದ್ದರೆ ಧೈರ್ಯವಾಗಿ ಬಿಡಿ. ನಮ್ಮ ಪ್ರತಿ ಮಾಸ್ಟ್ರ ಮನೆಯಲ್ಲಿದೆ. ಬೈಯಲಿಕ್ಕೆ ಇನ್ನೊಮ್ಮೆ ಓದಬೇಕಂತೆ.